ಸೂಟಿ ಮುಗಿಯದ ಸಿಪಾಯಿ

ಸೂಟಿಗೆ ಬಂದ ಸಿಪಾಯಿಗೆ ನಮ್ಮ ಕಡೆ ಊರು ಎರಡು ಪ್ರಶ್ನೆ ಕೇಳುತ್ತದೆ. "ಯಾವಾಗ ಬಂದ್ಯೋ ತಮ್ಮಾ?" ಎಂಬುದು ಒಂದು. ಅದರ ಬೆನ್ನಿಗೇ "ಮತ್ತ ಯಾವಾಗ ಹೊಂಟಿ?" ಎಂಬುದು ಇನ್ನೊಂದು. ಬಾದಾಮಿ ಸ್ಟೇಷನ್ನಿನ ಆಟೋದವ, ಹುನಗುಂದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವ, ಇಳಕಲ್ಲಿನ ಓಣಿಯ ಕಟ್ಟೆ ಮೇಲೆ ಕುಂತ ಮುತ್ಯಾ, ಎಲ್ಲರದೂ ಇದೇ ಮಾತು. ಕೇಳುವವರ ಮನಸ್ಸಿನಲ್ಲಿ ಕೇಡಿಲ್ಲ. ಹುಡುಗ ಹೊರಡುವುದರೊಳಗೆ ಒಂದು ಹೊತ್ತು ಊಟಕ್ಕೆ ಕರೆಯಬೇಕಲ್ಲ, ಅದಕ್ಕಾಗಿ ಕೇಳುತ್ತಾರೆ. ಸಿಪಾಯಿಯೂ ಎರಡಕ್ಕೂ ತಾರೀಖು ಹಿಡಿದು ಉತ್ತರ ಹೇಳುತ್ತಾನೆ. ಹೀಗೆ ಹದಿನೈದು, ಹದಿನೇಳು ವರ್ಷ ನಡೆಯುತ್ತದೆ. ಒಂದು ದಿನ ಕರಿ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು, ಹುದ್ದೆ, ಹೆಸರು ಹೊತ್ತು ಅವನು ಪೆನ್ಶನ್ ಮೇಲೆ ಬಂದಿಳಿಯುತ್ತಾನೆ. ವಯಸ್ಸು ಮೂವತ್ತೈದರ ಆಸುಪಾಸು. ಮೊದಲ ಪ್ರಶ್ನೆಗೆ ಉತ್ತರ ಇದೆ. ಎರಡನೆಯದಕ್ಕೆ ಇಲ್ಲ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಹಳ್ಳಿಗಳು ಈ ಬರುವಿಕೆಯನ್ನು ಬಲು ಪ್ರೀತಿಯಿಂದ ಆಚರಿಸುತ್ತಿವೆ. ತೆರೆದ ಜೀಪು, ಇಲ್ಲವೇ ಸಿಂಗರಿಸಿದ ಟ್ರ್ಯಾಕ್ಟರು. ಮುಂದೆ ಡೊಳ್ಳು, ಹಿಂದೆ ಡಿಜೆ, ಎರಡೂ ಬದಿಗೆ ಧ್ವಜ ಹಿಡಿದ ಸಾಲಿಮಕ್ಕಳು. ಗುಡಿಯ ಮುಂದೆ ಶಾಲು, ಹಾರ, ಸನ್ಮಾನಪತ್ರ. ಆ ಮೆರವಣಿಗೆ ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಅದರ ಮರುದಿನದ ಕತೆ ಯಾರೂ ಹೇಳುವುದಿಲ್ಲವಲ್ಲ ಎಂಬ ಕೊರಗೂ ಜೊತೆಗೇ ಬರುತ್ತದೆ. ಮರುದಿನ ಬೆಳಗಿನ 5 ಗಂಟೆಗೆ ಅವನಿಗೆ ತಾನಾಗಿ ಎಚ್ಚರವಾಗುತ್ತದೆ. ಬೂಟು ಹಾಕಿಕೊಂಡು ಓಡಲು ಹೊರಟರೆ ಓಣಿಯ ನಾಯಿಗಳು ಬೆನ್ನು ಹತ್ತುತ್ತವೆ. ಮನೆಗೆ ಬಂದು ಹೊದ್ದ ಕೌದಿಯನ್ನು ಮೂಲೆಗೆ ಮೂಲೆ ಹೊಂದಿಸಿ ಮಡಚಿಟ್ಟರೆ, ಹತ್ತು ನಿಮಿಷದಲ್ಲಿ ಅವ್ವ ಅದನ್ನು ಬಿಚ್ಚಿ ತನ್ನ ಕಾಲ ಮೇಲೆ ಹೊದ್ದುಕೊಂಡು ಕೂತಿರುತ್ತಾಳೆ. ಮಗನ ವಯಸ್ಸಿನವರು ಅವನ ಹಿಂದಿ ಬೆರೆತ ಕನ್ನಡಕ್ಕೆ ನಗುತ್ತಾರೆ. ಮಧ್ಯಾಹ್ನ 12ಕ್ಕೆ ಮಾಡಲು ಏನೂ ಕೆಲಸವಿಲ್ಲ. ಇದು ದುಃಖದ ಕತೆಯಲ್ಲ. ಇದು ಶುದ್ಧ ಹಾಸ್ಯದ ಕತೆ, ಅದರೊಳಗೆ ಒಂದು ಪ್ರೇಮಕತೆಯೂ ಇದೆ. ನಮ್ಮ ಸೀಮೆಯ ನಾಟಕದವರು ಇದನ್ನು ಬರೆಯಬೇಕು ಎಂಬುದೇ ಈ ಲೇಖನದ ಒಟ್ಟು ಮಾತು.

ಸತ್ತ ಸೈನಿಕನಿಗೆ ಕನ್ನಡ ನಾಡು ಎಂದೂ ಕಡಿಮೆ ಮಾಡಿಲ್ಲ. ಬಾದಾಮಿ, ಹುನಗುಂದ ತಾಲೂಕುಗಳ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಹಿಂದೋ ಹೊಲದ ಬದುವಿನಲ್ಲೋ ಒಂದು ವೀರಗಲ್ಲು ಸಿಗುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ. ಕಾಳಗದಿಂದ ಜೀವಸಹಿತ ಮರಳಿದವನಿಗೆ ಮಾತ್ರ ಕಲ್ಲಿಲ್ಲ. ಅವನು ಮರಳಿ ಬಂದು ಎಮ್ಮೆ ಮೇಯಿಸಿದನೋ, ಹೆಂಡತಿಯೊಡನೆ ಜಗಳವಾಡಿದನೋ, ಅದನ್ನು ಯಾರೂ ಕೊರೆಯಲಿಲ್ಲ. ನಮ್ಮ ಸಿನಿಮಾ ಕೂಡ ಇದೇ ಜಾಡು ಹಿಡಿಯಿತು. ಕನ್ನಡದ ಸೈನಿಕನ ಪ್ರೇಮಕತೆ ಎಂದಕೂಡಲೇ ನೆನಪಾಗುವುದು ರಾಜೇಂದ್ರಸಿಂಗ್ ಬಾಬು ಅವರು 1990ರಲ್ಲಿ ತೆಗೆದ 'ಮುತ್ತಿನ ಹಾರ'. ವಿಷ್ಣುವರ್ಧನ್, ಸುಹಾಸಿನಿ ಇಬ್ಬರೂ ಕರುಳು ಹಿಂಡುವಂತೆ ನಟಿಸಿದ್ದಾರೆ, ನಾನು ಆ ಚಿತ್ರವನ್ನು ಬಹಳ ಮೆಚ್ಚುತ್ತೇನೆ. ಆದರೂ ಅದು ಯುದ್ಧ ಕಿತ್ತುಕೊಂಡದ್ದರ ಕತೆ. ಯುದ್ಧ ಬಿಟ್ಟುಕೊಟ್ಟ ಮನುಷ್ಯನನ್ನು ಏನು ಮಾಡಬೇಕು ಎಂಬುದರ ಕತೆ ಅದಲ್ಲ.

ಆ ಕತೆಯನ್ನು ನಗುತ್ತ ಹೇಳಿದವರು ಅಮೆರಿಕದವರು. ಅದಕ್ಕೆ ಕಾರಣವೂ ಇತ್ತು. ಎರಡನೆಯ ಮಹಾಯುದ್ಧ ಇನ್ನೂ ನಡೆದಿರುವಾಗಲೇ, 1944ರ ಜೂನ್‌ನಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ಮರಳಿ ಬರುವ ಸೈನಿಕರಿಗಾಗಿ ಒಂದು ಕಾಯ್ದೆಗೆ ಸಹಿ ಹಾಕಿದರು. ಓದಲು ಹಣ, ಮನೆ ಕಟ್ಟಲು ಸಾಲಕ್ಕೆ ಸರ್ಕಾರದ ಹೊಣೆ, ಕೆಲಸ ಸಿಗುವವರೆಗೆ ವಾರಕ್ಕೆ 20 ಡಾಲರ್, ಗರಿಷ್ಠ 52 ವಾರ. ಈ ಕೊನೆಯದು ಬಲು ಹೆಸರಾಯಿತು. ಕೆಲಸ ಹುಡುಕದೆ ಆರಾಮಾಗಿ ತಿರುಗಾಡುವ ಮಾಜಿ ಸೈನಿಕರನ್ನು ಜನ '52-20 ಕ್ಲಬ್ಬಿನವರು' ಎಂದು ಕರೆದರು. ಹುಡುಗರು ಸರ್ಕಾರದ ದುಡ್ಡಿನಲ್ಲಿ ಮಜಾ ಮಾಡುತ್ತ ಕೂರುತ್ತಾರೆ ಎಂದು ಹಿರಿಯರು ಹೆದರಿದ್ದರು. ಆದದ್ದು ಬೇರೆ. ಈ ಭತ್ಯೆಗೆಂದು ತೆಗೆದಿಟ್ಟ ಹಣದಲ್ಲಿ ಐದನೆಯ ಒಂದು ಭಾಗವೂ ಖರ್ಚಾಗಲಿಲ್ಲ. ನಾಲ್ಕು ವರ್ಷ ಬಂದೂಕು ಹಿಡಿದ ಹುಡುಗ ಕೆಲವು ದಿನ ಸುಮ್ಮನಿದ್ದು, ಕೆಲವು ದಿನ ಹುಡುಗಿಯರ ಹಿಂದೆ ಅಲೆದು, ಆಮೇಲೆ ತಾನಾಗಿ ಕಾಲೇಜಿಗೋ ಕಾರ್ಖಾನೆಗೋ ಹೋದ. 1947ರ ಹೊತ್ತಿಗೆ ಅಲ್ಲಿನ ಕಾಲೇಜು ಸೇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾಜಿ ಸೈನಿಕರು. ಸುಮ್ಮನಿರುವುದಕ್ಕೂ ಒಂದು ಅವಧಿ ಬೇಕು ಎಂದು ಒಪ್ಪಿಕೊಂಡ ಕಾಯ್ದೆ ಅದು. ಅದರ ದೊಡ್ಡತನ ಇರುವುದು ಅಲ್ಲೇ ಎಂದು ನನ್ನ ಎಣಿಕೆ.

ಆ ಕಾಲದ್ದೇ ಒಂದು ಚಿತ್ರ 'ಇಟ್ ಹ್ಯಾಪನ್ಡ್ ಆನ್ ಫಿಫ್ತ್ ಅವೆನ್ಯೂ'. ರಾಯ್ ಡೆಲ್ ರುತ್ ನಿರ್ದೇಶನ, 1947ರಲ್ಲಿ ತೆರೆಕಂಡಿತು. ನ್ಯೂಯಾರ್ಕಿನ ಒಬ್ಬ ಕೋಟ್ಯಧೀಶ ಚಳಿಗಾಲ ಬಂತೆಂದರೆ ಬೆಚ್ಚನೆಯ ಊರಿಗೆ ಹೋಗುತ್ತಾನೆ. ಖಾಲಿ ಬಿದ್ದ ಅವನ ಬಂಗಲೆಗೆ ಪ್ರತಿವರ್ಷ ಒಬ್ಬ ಮನೆಯಿಲ್ಲದ ಮುದುಕ ಕಳ್ಳದಾರಿಯಿಂದ ಬಂದು ಸೇರಿಕೊಳ್ಳುತ್ತಾನೆ. ಈ ಸಲ ಅವನು ಜಿಮ್ ಎಂಬ ಕೆಲಸವಿಲ್ಲದ ಮಾಜಿ ಸೈನಿಕನನ್ನೂ ಒಳಗೆ ಕರೆದುಕೊಳ್ಳುತ್ತಾನೆ. ಜಿಮ್ ವಾಸವಿದ್ದ ಕಟ್ಟಡವನ್ನು ಕೆಡವಲು ಬಂದಾಗ ಅವನು ತನ್ನನ್ನು ಮಂಚಕ್ಕೆ ಬೇಡಿ ಹಾಕಿಕೊಂಡು ಮಲಗಿದ್ದ, ಮಂಚ ಸಮೇತ ಎತ್ತಿ ಬೀದಿಗೆ ಹಾಕಿದ್ದರು. ಕೆಡವಿಸಿದವನು ಇದೇ ಬಂಗಲೆಯ ಧಣಿ. ಜಿಮ್ ತನ್ನ ಸೈನ್ಯದ ಗೆಳೆಯರನ್ನು, ಅವರ ಹೆಂಡಿರು ಮಕ್ಕಳನ್ನು ಕರೆತರುತ್ತಾನೆ. ಧಣಿಯ ಮಗಳು ಬಡವಳಂತೆ ನಟಿಸುತ್ತ ಅವನಿಗೆ ಮನಸೋಲುತ್ತಾಳೆ. ಕೊನೆಗೆ ಧಣಿಯೇ ಹರಕು ಬಟ್ಟೆ ತೊಟ್ಟು ತನ್ನ ಮನೆಯಲ್ಲೇ ಆಶ್ರಯ ಬೇಡಿದವನಾಗಿ ಉಳಿದುಕೊಳ್ಳಬೇಕಾಗುತ್ತದೆ, ದೂರವಾದ ಅವನ ಹೆಂಡತಿ ಅಡುಗೆಯವಳಾಗಿ ಬಂದು ಸೇರುತ್ತಾಳೆ. ಮುರಿದುಬಿದ್ದ ಅವರಿಬ್ಬರ ಸಂಸಾರವೂ ಆ ಗದ್ದಲದಲ್ಲಿ ಕೂಡಿಬರುತ್ತದೆ.

ಈ ಕತೆಯನ್ನು ಹುನಗುಂದ ತಾಲೂಕಿನ ಯಾವ ನಾಟಕಪ್ರಿಯನಿಗಾದರೂ ಹೇಳಿ ನೋಡಿ. "ಹೌದಲ್ರೀ, ಇದು ನಮ್ಮ ಕಂಪನಿ ನಾಟಕಾನ ಐತಿ" ಎನ್ನುತ್ತಾನೆ. ಸೊಕ್ಕಿನ ಸಾಹುಕಾರ, ಅವನ ಮಗಳು, ಬಡವನಾದರೂ ಬಗ್ಗದ ನಾಯಕ, ವೇಷ ಮರೆಸಿಕೊಂಡು ಬರುವವರು. ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ಬರೆದ 'ಸಂಪತ್ತಿಗೆ ಸವಾಲ್' ನೆನಪಾಗದೆ ಇರದು. ಉತ್ತರ ಕರ್ನಾಟಕದ ಬಯಲುಗಳಲ್ಲಿ ಟೆಂಟು ಹೊಡೆದ ಕಂಪನಿಗಳು ಆಡಿದ ಆ ನಾಟಕ 1974ರಲ್ಲಿ ರಾಜಕುಮಾರ್, ಮಂಜುಳಾ ಅವರ ಸಿನಿಮಾ ಆಗಿ ಇಡೀ ಕರ್ನಾಟಕಕ್ಕೆ ಹಬ್ಬಿತು. ಶ್ರೀಮಂತಿಕೆಯ ಮದದ ಹುಡುಗಿಯನ್ನು ಪ್ರೀತಿಯ ದಾರಿಗೆ ತರುವ ಕಲೆ ಸೂಳೇಭಾವಿಯ ಒಬ್ಬ ಲೇಖಕನಿಗೆ ಗೊತ್ತಿತ್ತು. ಸಾಮಗ್ರಿ, ಅಚ್ಚು ಎರಡೂ ನಮ್ಮಲ್ಲಿವೆ. ನಾಯಕನನ್ನು ಮಾತ್ರ ಬದಲಿಸಬೇಕು.

ನಮ್ಮ ಕಡೆ ಅಂಥ ನಾಯಕರು ಮೊದಲೂ ಇದ್ದರು. ಎರಡನೆಯ ಮಹಾಯುದ್ಧ ಮುಗಿಯುವಾಗ ಭಾರತದ ಸೈನ್ಯದಲ್ಲಿ 20 ಲಕ್ಷಕ್ಕೂ ಹೆಚ್ಚು ಜನರಿದ್ದರು. ಮುಂದಿನ ಎರಡು ವರ್ಷಗಳಲ್ಲಿ ಅವರಲ್ಲಿ ಬಹುಪಾಲು ಮನೆಗೆ ಮರಳಿದರು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದಗಳು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿದ್ದವು. ಪಕ್ಕದ ಬೆಳಗಾವಿಯಲ್ಲಿ 1922ರಿಂದ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ. ಇಟಲಿಯ ಕಾಳಗಗಳಲ್ಲಿ ಆ ದಳದ ಯಶವಂತ ಘಾಡಗೆ, ನಾಮದೇವ ಜಾಧವ ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಘಾಡಗೆ 1944ರಲ್ಲಿ ಅಲ್ಲೇ ಮಡಿದರು. ಮಡಿದವರ ಹೆಸರು ಗೋಡೆಗಳ ಮೇಲೆ ಉಳಿದಿದೆ. ಇಟಲಿಯ ದ್ರಾಕ್ಷಿತೋಟ, ಬರ್ಮಾದ ಕಾಡು ನೋಡಿ, ಬೇರೆ ಬೇರೆ ನಾಡಿನ ಊಟ ಉಂಡು, 1946ರ ರೇಷನ್ನಿನ ಕಾಲದಲ್ಲಿ ಮಲಪ್ರಭೆಯ ದಂಡೆಯ ಜೋಳದ ಹೊಲಕ್ಕೆ ಮರಳಿದವರಿಗೆ ಯಾವ ಗೋಡೆಯೂ ಇಲ್ಲ. ಅವರಿಗೆ 52 ವಾರದ ಭತ್ಯೆಯೂ ಇರಲಿಲ್ಲ.

ಕೆಲಸವಿಲ್ಲದ ಸಿಪಾಯಿಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬಾದಾಮಿ ಅದಕ್ಕೂ ಒಂದು ನೂರು ವರ್ಷ ಮೊದಲೇ ಕಂಡಿತ್ತು. 1818ರಲ್ಲಿ ಜನರಲ್ ಮನ್ರೋ ಬಾದಾಮಿ ಕೋಟೆಯನ್ನು ಹಿಡಿದ, ಅದೇ ವರ್ಷ ಪೇಶ್ವೆಯ ಆಳ್ವಿಕೆಯೂ ಮುಗಿಯಿತು. ಮರಾಠರ ಪಡೆಗಳಲ್ಲಿ ಸಂಬಳಕ್ಕಿದ್ದ ಅರಬ್ ಸಿಪಾಯಿಗಳು ದಿಕ್ಕಾಪಾಲಾದರು, ಎಷ್ಟೋ ಜನ ನಿಜಾಮನ ಸೀಮೆ ಸೇರಿಕೊಂಡರು. 1841ರಲ್ಲಿ ಕಣ್ಣು ಕಾಣದ ನರಸಿಂಗ ದತ್ತಾತ್ರೇಯ ಪೇಟಕರ ಎಂಬುವನು ನೂರಕ್ಕೂ ಹೆಚ್ಚು ಅರಬರನ್ನು ಕೂಡಿಸಿಕೊಂಡು ಬಂದು ಬಾದಾಮಿಯನ್ನೇ ಹಿಡಿದ. ಖಜಾನೆ, ಪೇಟೆ ಲೂಟಿಯಾದವು. ಸಾತಾರೆಯ ಪದಚ್ಯುತ ರಾಜನ ಪರವಾಗಿ ಎದ್ದ ಬಂಡಾಯ ಅದು. ಕಂಪನಿ ಸರ್ಕಾರದ ಪಡೆ ಬಂದು ಕೆಲವೇ ದಿನಗಳಲ್ಲಿ ಅದನ್ನು ಅಡಗಿಸಿತು. ಚರಿತ್ರೆಯ ಪುಸ್ತಕಗಳು ಅದನ್ನು ಸ್ವಾತಂತ್ರ್ಯದ ಮೊದಲ ಕಿಡಿಗಳ ಸಾಲಿನಲ್ಲಿ ಇಡುತ್ತವೆ. ನನಗೆ ಅದರೊಳಗೆ ಇನ್ನೊಂದು ಸಂಗತಿಯೂ ಕಾಣುತ್ತದೆ: ಕತ್ತಿಯ ಹೊರತು ಬೇರೆ ವಿದ್ಯೆ ಕಲಿಯದ, ಯಾವ ಊರೂ ತನ್ನವನೆಂದು ಕರೆಯದ ಜನ ಯಾರು ಕರೆದರೂ ಹೊರಡಲು ಸಿದ್ಧರಿದ್ದರು.

ಇಂದಿನ ಮಾಜಿ ಸೈನಿಕ ಅವರಂತೆ ಅನಾಥನಲ್ಲ. ಪೆನ್ಶನ್ ಇದೆ. 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ. 2015ರಲ್ಲಿ ಆದೇಶವಾಗಿ 2014ರ ಜುಲೈಯಿಂದ ಲೆಕ್ಕ ಹಿಡಿದ ಸಮಾನ ಹುದ್ದೆಗೆ ಸಮಾನ ಪಿಂಚಣಿ ಇದೆ. ಸರ್ಕಾರಿ ನೇಮಕಾತಿಯಲ್ಲಿ ಮೀಸಲು, ಕರ್ನಾಟಕದ ಭೂಮಂಜೂರಾತಿ ನಿಯಮಗಳಲ್ಲಿ ಪಾಲು, ಕ್ಯಾಂಟೀನ್ ಕಾರ್ಡು. ಕಾಗದಪತ್ರ ಹಿಡಿದು ತಹಶೀಲ್ದಾರ ಕಚೇರಿಗೆ ಎಷ್ಟು ಸಲ ಎಡತಾಕಬೇಕು ಎಂಬುದು ಬೇರೆ ಮಾತು, ಅದು ಇನ್ನೊಂದು ಲೇಖನಕ್ಕೆ ಸಾಕಾಗುವಷ್ಟಿದೆ. ಬ್ಯಾಂಕಿನ ಬಾಗಿಲಲ್ಲಿ ದುನಾಲಿ ಬಂದೂಕು ಹಿಡಿದು ನಿಲ್ಲುವ ಕೆಲಸ ಸಿಕ್ಕವನೇ ಪುಣ್ಯವಂತ. ಹಿಮದ ಗಡಿಯಲ್ಲಿ ರಾತ್ರಿಪಾಳಿ ಮಾಡಿದವನು ಈಗ ಪಾಸ್‌ಬುಕ್ ಎಂಟ್ರಿ ಎಲ್ಲಿ ಮಾಡಿಸಬೇಕೆಂದು ಕೇಳುವ ಮುದುಕಿಯರಿಗೆ ದಾರಿ ತೋರಿಸುತ್ತಾನೆ, ಅವರ ಚೀಟಿ ತುಂಬಿಕೊಡುತ್ತಾನೆ. ಈ ಕೆಲಸದಲ್ಲಿ ಅವಮಾನವಿಲ್ಲ. ಇದರಲ್ಲಿ ಬೇಕಾದಷ್ಟು ನಗು ಇದೆ, ಆ ನಗುವಿಗೆ ಮರ್ಯಾದೆಯೂ ಇದೆ.

ಪ್ರೇಮಕತೆ ಎಲ್ಲಿದೆ ಎಂದು ಕೇಳುವವರು ಒಂದು ಲೆಕ್ಕ ಮಾಡಿ ನೋಡಬೇಕು. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಪೂರ್ತಿ ಸಿಕ್ಕರೂ ಮೂರು ತಿಂಗಳು. ಇಪ್ಪತ್ತೈದಕ್ಕೆ ಮದುವೆಯಾಗಿ ಮೂವತ್ತೇಳಕ್ಕೆ ಪೆನ್ಶನ್ ಬಂದರೆ ಹನ್ನೆರಡು ವರ್ಷದ ಸಂಸಾರ. ಶಾಂತಿಯ ಠಾಣೆಯಲ್ಲಿ ಕ್ವಾರ್ಟರ್ಸ್ ಸಿಕ್ಕಷ್ಟು ದಿನ ಬಿಟ್ಟರೆ, ಆ ಹನ್ನೆರಡು ವರ್ಷದಲ್ಲಿ ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದದ್ದು ಮೂರು ವರ್ಷ. ಅದೂ ತುಂಡು ತುಂಡಾಗಿ, ಪ್ರತಿಸಲವೂ ಹಬ್ಬದ ಅಡುಗೆಯ ನಡುವೆ, ನೆಂಟರ ನಡುವೆ, ಹೊರಡುವ ದಿನದ ಲೆಕ್ಕದ ನಡುವೆ. ಇಬ್ಬರಿಗೂ ಒಬ್ಬರೊಬ್ಬರ ಒಳ್ಳೆಯ ಮುಖವಷ್ಟೇ ಗೊತ್ತು. ಸಿಟ್ಟು ಗೊತ್ತಿಲ್ಲ, ಗೊರಕೆ ಗೊತ್ತಿಲ್ಲ, ಮಂಗಳವಾರ ಮಧ್ಯಾಹ್ನದ ಬೇಸರ ಗೊತ್ತಿಲ್ಲ. ಮಗಳು ಐದನೆಯ ಇಯತ್ತೆಗೆ ಬಂದಿರುವಾಗ ಇವರ ಹೊಸ ಸಂಸಾರ ಶುರುವಾಗುತ್ತದೆ. ಇದಕ್ಕಿಂತ ಒಳ್ಳೆಯ ಪ್ರೇಮಹಾಸ್ಯದ ವಸ್ತು ಎಲ್ಲಿ ಸಿಕ್ಕೀತು?

ಆ ಹನ್ನೆರಡು ವರ್ಷ ಅವಳು ಸುಮ್ಮನೆ ಕೂತಿರಲಿಲ್ಲ. ಹೊಲವನ್ನು ಯಾರಿಗೆ ಲಾವಣಿ ಹಾಕಬೇಕು, ಯಾರಿಂದ ರೊಕ್ಕ ಬರಲಿಲ್ಲ, ಸೊಸೈಟಿ ಸಾಲ ಎಷ್ಟಿದೆ, ಅತ್ತೆಯ ಸಕ್ಕರೆ ಕಾಯಿಲೆಗೆ ಯಾವ ಗುಳಿಗೆ, ಎಲ್ಲವೂ ಅವಳ ಬಾಯಲ್ಲೇ ಇದೆ. ಇಳಕಲ್, ಕಮತಗಿ, ಸೂಳೇಭಾವಿಯ ನೇಕಾರರ ಮನೆಯಾದರೆ ಮಗ್ಗದ ಕೆಲಸವೂ ಅವಳದೇ. ಗಂಡ ಬಂದು ಮೊದಲ ವಾರವೇ ಮನೆಗೆ ಶಿಸ್ತು ತರಲು ಹೊರಡುತ್ತಾನೆ. ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಿಗೆ ನಿಲ್ಲಿಸುತ್ತಾನೆ. ಮಕ್ಕಳಿಗೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಾನೆ. ಅವಳು ನೋಡುವಷ್ಟು ನೋಡಿ, "ರೀ, ಇದು ನಿಮ್ಮ ಬ್ಯಾರಕ್ ಅಲ್ಲರಿ, ಅಡಗಿಮನಿ. ಸಾಸಿವಿ ಡಬ್ಬಿ ಎಲ್ಲಿಟ್ರಿ, ಅದನ್ನಷ್ಟು ಹೇಳ್ರಿ" ಎನ್ನುತ್ತಾಳೆ. ಹನ್ನೆರಡು ವರ್ಷದಲ್ಲಿ ಅವಳ ಮೊದಲ ಜಗಳ ಅದು. ನಾಟಕದಲ್ಲಿ ಅಲ್ಲಿಗೆ ಮೊದಲ ಅಂಕದ ಪರದೆ ಬೀಳಬೇಕು.

ಇಳಕಲ್ ಸೀರೆಯ ಕೊಂಡಿ ಕೆಲಸವನ್ನು ನೋಡಿದವರಿಗೆ ಎರಡನೆಯ ಅಂಕ ಹೇಗಿರಬೇಕೆಂದು ಬೇರೆ ಹೇಳಬೇಕಿಲ್ಲ. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದೋ ರೇಷ್ಮೆಯದೋ ಇರಬಹುದು, ಸೆರಗಿಗೆ ಕೆಂಪು ರೇಷ್ಮೆ, ಅದರ ನಡುವೆ ಬಿಳಿಯ ಟೋಪ ತೆನಿ ವಿನ್ಯಾಸ. ಈ ಎರಡು ಹಾಸುಗಳ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದೇ ಕೊಂಡಿ. ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಎಳೆ ಹಿಡಿದುಕೊಡಬೇಕು, ಇನ್ನೊಬ್ಬರು ಕೂಡಿಸಬೇಕು, ಒಂದು ಎಳೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ರೈಫಲ್ ಬಿಚ್ಚಿ ಕಣ್ಣುಮುಚ್ಚಿ ಜೋಡಿಸಬಲ್ಲ ಬೆರಳುಗಳು ಇಲ್ಲಿ ನಡುಗುತ್ತವೆ. ಅವಳ ಎದುರು ಕೂತು, ಅವಳು "ಹೂಂ" ಅಂದಾಗ ಎಳೆ ಕೊಟ್ಟು, "ಉಹೂಂ" ಅಂದಾಗ ಸುಮ್ಮನಿದ್ದು ಅವನು ಕಲಿಯುತ್ತಾನೆ. ಹುಕುಂ ಕೊಡುವವಳು ಅವಳು. ನಮ್ಮ ಸೀಮೆಯ ಪ್ರೇಮದೃಶ್ಯಕ್ಕೆ ತೋಟ ಬೇಡ, ಹಾಡಿನ ಕುಣಿತವೂ ಬೇಡ. ಮಗ್ಗದ ಮುಂದೆ ಎದುರುಬದುರು ಕೂತ ಗಂಡಹೆಂಡತಿ, ನಡುವೆ ಕೆಂಪು ಎಳೆ, ಹೊರಗೆ ಆಡಲು ಹೋದ ಮಕ್ಕಳು, ಅಷ್ಟು ಸಾಕು.

ಹೀಗೆ ಹತ್ತಿರದಿಂದ ತೋರಿಸುವುದರ ಬಲ ಏನೆಂದು ಹಾಲಿವುಡ್ಡಿನ ಇನ್ನೊಂದು ಚಿತ್ರ ತೋರಿಸಿತ್ತು. 1946ರ 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್'ನಲ್ಲಿ ನಟಿಸಿದ ಹೆರಾಲ್ಡ್ ರಸೆಲ್ ನಿಜವಾಗಿಯೂ ಸೈನಿಕ, 1944ರಲ್ಲಿ ತರಬೇತಿಯ ಅಪಘಾತದಲ್ಲಿ ಎರಡೂ ಕೈ ಕಳೆದುಕೊಂಡಿದ್ದ. ಚಿತ್ರದಲ್ಲಿ ಅವನು ತನ್ನನ್ನು ಮದುವೆಯಾಗಲಿರುವ ಹುಡುಗಿಯನ್ನು ಕೋಣೆಗೆ ಕರೆದು, ಮಲಗುವ ಮುಂಚೆ ಕೈಯ ಕೊಕ್ಕೆಗಳನ್ನು ಹೇಗೆ ಕಳಚುತ್ತೇನೆ, ಕಳಚಿದ ಮೇಲೆ ಒಂದು ಬಾಗಿಲನ್ನೂ ತೆಗೆಯಲಾರೆ ಎಂದು ತೋರಿಸುತ್ತಾನೆ. ಅವಳು ಅವನ ಅಂಗಿಯ ಗುಂಡಿ ಹಾಕಿ ಹೊದಿಕೆ ಹೊದಿಸುತ್ತಾಳೆ. ಅದೊಂದೇ ಪಾತ್ರಕ್ಕೆ ರಸೆಲ್‌ಗೆ ಎರಡು ಆಸ್ಕರ್ ಬಂದವು, ಇನ್ನಾರಿಗೂ ಹಾಗೆ ಬಂದಿಲ್ಲ.

ಬಾಗಲಕೋಟೆಯವನಾದರೆ ನಮ್ಮ ನಾಯಕನಿಗೆ ಇನ್ನೊಂದು ತೊಡಕು ಕಾದಿರುತ್ತಿತ್ತು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ನೀರು ನಿಂತದ್ದು ಬಹಳ ತಡವಾಗಿ. 1990ರ ಸುಮಾರಿಗೆ ಸೈನ್ಯಕ್ಕೆ ಹೋದ ಹುಡುಗ ಹದಿನೈದು ವರ್ಷ ಕಳೆದು ಬರುವಷ್ಟರಲ್ಲಿ ಘಟಪ್ರಭೆಯ ಹಿನ್ನೀರು 519.6 ಮೀಟರಿನ ಮಟ್ಟಕ್ಕೆ ಏರಿ ಊರಿನ ತಗ್ಗಿನ ಓಣಿಗಳನ್ನು ನುಂಗಿತ್ತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯೂ ಆಗಿತ್ತು. ಪ್ರತಿ ಸೂಟಿಯಲ್ಲೂ ಅವನಿಗೆ ಬೇರೆ ಊರು ಕಂಡಿರಬೇಕು. ಒಮ್ಮೆ ಬಂದಾಗ ಜನ ಮನೆಯ ತೊಲೆ, ಬಾಗಿಲು, ಕಿಟಕಿ ಕಿತ್ತು ಬಂಡಿಗೆ ಹೇರುತ್ತಿದ್ದರು. ಇನ್ನೊಮ್ಮೆ ಬಂದಾಗ ಮನೆಯವರ ವಿಳಾಸ ನವನಗರದ ಸೆಕ್ಟರ್ ನಂಬರು, ಪ್ಲಾಟ್ ನಂಬರು. ಸೈನ್ಯದ ದಂಡುಪ್ರದೇಶದಂತೆ ನೇರ ರಸ್ತೆ, ಚೌಕ ಬಡಾವಣೆ. ಊರಿನವರು ದಾರಿ ತಪ್ಪಿ ಅಲೆಯುತ್ತಿದ್ದಾಗ ಅವನೊಬ್ಬನಿಗೇ ಅದು ಸಲೀಸಾಗಿ ಹತ್ತಿರಬಹುದು. ನ್ಯೂಯಾರ್ಕಿನ ಚಿತ್ರದಲ್ಲಿ ಮನೆ ಕೆಡವಿದವನು ಒಬ್ಬ ಧಣಿ, ಅವನ ಮನಸ್ಸು ಕರಗಿದರೆ ಕತೆ ಸುಖವಾಗಿ ಮುಗಿಯುತ್ತದೆ. ಮುಳುಗಡೆಯ ಊರಿನ ಲೇಖಕನಿಗೆ ಆ ಸೌಲಭ್ಯವಿಲ್ಲ, ಅವನು ನಗುವನ್ನು ಬೇರೆ ಕಡೆಯಿಂದ ತರಬೇಕು. ಪರಿಹಾರದ ಹಣವನ್ನು ಸೋದರರು ಹಂಚಿಕೊಳ್ಳುವ ಪಂಚಾಯ್ತಿಯ ದೃಶ್ಯ ಒಂದನ್ನು ಬರೆದರೂ ಸಾಕು, ಬಾಗಲಕೋಟೆಯ ಪ್ರೇಕ್ಷಕ ಅಳುತ್ತ ನಗುತ್ತಾನೆ.

ರಮ್ಮಿನ ಮಾತು ಬಿಡಲಾಗದು. ಮಾಜಿ ಸೈನಿಕ ಎಂದರೆ ತಿಂಗಳ ಕೋಟಾ ಬಾಟಲಿ ಎಂದು ತಿಳಿದ ಜನ ನಮ್ಮಲ್ಲಿ ಕಡಿಮೆಯಿಲ್ಲ. ಬಂದ ಒಂದು ವಾರದಲ್ಲೇ ಹಳೆಯ ಗೆಳೆಯರು ಕ್ಯಾಂಟೀನಿಗೆ ಯಾವಾಗ ಹೋಗುತ್ತೀ ಎಂದು ವಿಚಾರಿಸಲು ಶುರುಮಾಡುತ್ತಾರೆ. ಸಿನಿಮಾದಲ್ಲೂ ಮೀಸೆ, ಬಾಟಲಿ, ಕೂಗು, ಇಷ್ಟೇ ಅವನ ಗುರುತು. ಆ ಸವಕಲು ಪಾತ್ರವನ್ನು ನಾನು ಒಪ್ಪಲಾರೆ. ಇದೇ ಇಳಕಲ್ಲಿನಲ್ಲಿ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ 'ಮಹಾಂತ ಜೋಳಿಗೆ' ಹಿಡಿದು ಮನೆಮನೆಗೆ ಹೊರಟರು. ಕಾಳುಕಡಿ ಬೇಡಲಿಲ್ಲ, ರೊಕ್ಕ ಬೇಡಲಿಲ್ಲ. ನಿಮ್ಮ ಚಟವನ್ನು ಈ ಜೋಳಿಗೆಗೆ ಹಾಕಿ ಎಂದರು. ಕುಡಿತ, ತಂಬಾಕು, ಗುಟ್ಕಾ ಜೋಳಿಗೆಗೆ ಬಿದ್ದವು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಕೋಟಾ ಬಾಟಲಿ ಹಿಡಿದ ಸಿಪಾಯಿಯ ಮನೆ ಬಾಗಿಲಿಗೆ ಜೋಳಿಗೆ ಬಂದು ನಿಂತ ಗಳಿಗೆ ಎಂಥ ನಾಟಕದ ಗಳಿಗೆ! ಬಾಗಿಲ ಹಿಂದೆ ಹೆಂಡತಿ ಉಸಿರು ಬಿಗಿಹಿಡಿದು ನಿಂತಿದ್ದಾಳೆ, ಓಣಿಯ ಕೊನೆಯಲ್ಲಿ ಬಾಟಲಿಗೆ ಕಾದ ಗೆಳೆಯರು.

ಇದನ್ನೆಲ್ಲ ಆಡಲು ಬಾದಾಮಿಯ ಬನಶಂಕರಿ ಜಾತ್ರೆಗಿಂತ ಒಳ್ಳೆಯ ಜಾಗ ಬೇಕೆ? ಬನದ ಹುಣ್ಣಿಮೆಗೆ ಚೊಳಚಗುಡ್ಡದಲ್ಲಿ ತೇರು ಎಳೆದ ಮೇಲೂ ವಾರಗಟ್ಟಲೆ ಜಾತ್ರೆ ನಡೆಯುತ್ತದೆ. ಒಂದು ಕಡೆ ಹೊಸ ಮನೆ ಕಟ್ಟುವವರು ಕೊಳ್ಳುವ ಬಾಗಿಲು, ಚೌಕಟ್ಟುಗಳ ಸಾಲು. ಇನ್ನೊಂದು ಕಡೆ ನಾಟಕ ಕಂಪನಿಗಳ ಟೆಂಟುಗಳ ಸಾಲು. ಒಂದು ಟೆಂಟಿನ ಹಾಡು ಇನ್ನೊಂದು ಟೆಂಟಿಗೆ ಕೇಳುತ್ತದೆ. ಹಗಲೆಲ್ಲ ಜಾತ್ರೆ ತಿರುಗಿದ ರೈತ ಕುಟುಂಬ, ಕಟ್ಟಿ ತಂದ ರೊಟ್ಟಿ ಉಂಡು, ರಾತ್ರಿಯೆಲ್ಲ ನಾಟಕ ನೋಡಿ ಬೆಳಗಿಗೆ ಊರ ದಾರಿ ಹಿಡಿಯುತ್ತದೆ. ಕಂಪನಿ ನಾಟಕದ ಹಾಸ್ಯ ಇತ್ತೀಚೆಗೆ ಎರಡರ್ಥದ ಮಾತಿಗೆ ಇಳಿದಿದೆ ಎಂದು ಹಲವರು ಬೇಸರಪಡುತ್ತಾರೆ. ಆ ಬೇಸರ ನನಗೂ ಇದೆ. ಎರಡರ್ಥದ ಮಾತು ಬೇಕಾಗುವುದು ಸನ್ನಿವೇಶದಲ್ಲಿ ನಗು ಇಲ್ಲದಾಗ. ಗಂಡನ ವೇಳಾಪಟ್ಟಿಯ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತ ಹೆಂಡತಿ ಇದ್ದರೆ ಅದರ ಗರಜು ಬೀಳುವುದಿಲ್ಲ. ಮುನಿದ ಹೆಂಡತಿಯನ್ನು ಒಲಿಸುವ ಆಟ ನಮ್ಮವರಿಗೆ ಹೊಸತೂ ಅಲ್ಲ. ಲೋಕಾಪುರ, ಮುಧೋಳದ ಕಡೆ ತಲೆಮಾರುಗಳಿಂದ ಆಡುತ್ತ ಬಂದ ಶ್ರೀಕೃಷ್ಣ ಪಾರಿಜಾತದ ಜೀವಾಳವೇ ಸತ್ಯಭಾಮೆಯ ಮುನಿಸು.

ಈ ನಾಟಕವನ್ನು ಬೇಗ ಬರೆಯಬೇಕು ಎನ್ನಲು ಒಂದು ಕಾರಣವಿದೆ. ಅಗ್ನಿಪಥ ಯೋಜನೆ ಘೋಷಣೆಯಾದದ್ದು 2022ರ ಜೂನ್ 14ರಂದು. ಅದರಡಿ ಸೈನ್ಯ ಸೇರಿದ ಹುಡುಗರ ಸೇವೆ ನಾಲ್ಕೇ ವರ್ಷ. ಶೇ 25ರಷ್ಟು ಜನರನ್ನು ಮುಂದುವರಿಸಿ, ಉಳಿದವರನ್ನು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಕೊಟ್ಟು ಕಳಿಸುತ್ತಾರೆ. ಪೆನ್ಶನ್ ಇಲ್ಲ. 2022ರ ಕೊನೆ, 2023ರ ಆರಂಭದಲ್ಲಿ ತರಬೇತಿಗೆ ಹೋದ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆ, 2027ರ ಆರಂಭಕ್ಕೆ ತುಂಬುತ್ತದೆ. 2027ರ ಬನದ ಹುಣ್ಣಿಮೆಯೂ ಜನವರಿಯಲ್ಲೇ. ಈ ಹುಡುಗರು ಮದುವೆಯಾಗದವರು, ಏಕೆಂದರೆ ಸೇವೆಯ ನಾಲ್ಕು ವರ್ಷ ಮದುವೆಯಾಗುವಂತಿಲ್ಲ ಎಂಬುದು ಷರತ್ತು. ಇಪ್ಪತ್ತೊಂದು ದಾಟಿದ, ಹೆಚ್ಚೆಂದರೆ ಇಪ್ಪತ್ತೇಳು ಮುಟ್ಟಿದ, ಗಟ್ಟಿಮೈಯ, ಕೈಯಲ್ಲಿ ರೊಕ್ಕವಿರುವ, ನೌಕರಿಯಿಲ್ಲದ ಹುಡುಗರು. 1946ರ ನಂತರ ಇಂಥ ವಯಸ್ಸಿನ ಮಾಜಿ ಸೈನಿಕರನ್ನು ಗುಂಪಾಗಿ ನಮ್ಮ ಹಳ್ಳಿಗಳು ನೋಡಿಲ್ಲ. ಕೇಂದ್ರದ ಅರೆಸೇನಾ ಪಡೆಗಳಲ್ಲಿ ಮೀಸಲು, ವಯಸ್ಸಿನ ಸಡಿಲಿಕೆ ಘೋಷಣೆಯಾಗಿದೆ. ಎಷ್ಟು ಜನ ಅಲ್ಲಿಗೆ ಹೋಗುತ್ತಾರೆ, ಎಷ್ಟು ಜನ ಕಟ್ಟೆಯ ಮೇಲೆ ಕೂರುತ್ತಾರೆ ಎಂಬುದನ್ನು ಮುಂದೆ ನೋಡಬೇಕು. ಅಮೆರಿಕದ ಹಿರಿಯರು 1944ರಲ್ಲಿ ಹೆದರಿದಂತೆ ನಾವು ಹೆದರುವುದು ಬೇಡ. ಕೆಲವು ತಿಂಗಳು ಸುಮ್ಮನೆ ಕೂರಲು ಅವರಿಗೂ ಬಿಡೋಣ. ಆದರೆ ಆಮೇಲೆ ಓದಲು, ಕೈಕೆಲಸ ಕಲಿಯಲು ಜಿಲ್ಲೆಯಲ್ಲೇ ದಾರಿ ಇರಬೇಕು. ಅದರ ತಯಾರಿಗೆ ಸರ್ಕಾರ ಇಷ್ಟು ಹೊತ್ತಿಗೆ ಹಗಲುರಾತ್ರಿ ಕೂರಬೇಕಿತ್ತು.

ಮದುವೆಯ ಮಾತಂತೂ ಮನೆಯಲ್ಲಿ ಮೊದಲ ವಾರವೇ ಏಳುತ್ತದೆ. ನೌಕರಿ ಇಲ್ಲದವನಿಗೆ ಹೆಣ್ಣು ಕೊಡರು, ಹೊಲ ಮಾಡುವವನಿಗೂ ಕೊಡರು. ಇವನು ನೌಕರಿ ಮಾಡಿ ಮುಗಿಸಿದವ, ಇಪ್ಪತ್ಮೂರಕ್ಕೇ ನಿವೃತ್ತ! ಹೆಣ್ಣಿನ ಮನೆಯಲ್ಲಿ ಅವಲಕ್ಕಿ ತಿನ್ನುತ್ತ ಕೂತು, "ಹುಡುಗ ಏನು ಮಾಡ್ತಾನ್ರಿ?" ಎಂಬ ಮಾತಿಗೆ ಸೋದರಮಾವ ತಡವರಿಸಿ "ಮಿಲ್ಟ್ರಿಯೊಳಗ ಇದ್ದನ್ರಿ" ಎನ್ನುತ್ತಾನೆ. ಹುಡುಗಿಗೆ ಅವನು ಮನಸ್ಸಿಗೆ ಬಂದಿದ್ದಾನೆ. ಅವಳ ಅಪ್ಪ "ನೌಕರಿ ಹತ್ತಲಿ, ಆಮ್ಯಾಲೆ ನೋಡೂಣಂತ" ಎಂದು ಎದ್ದುಬಿಡುತ್ತಾನೆ. ನಾಟಕ ಬರೆಯುವವರಿಗೆ ನನ್ನದೊಂದೇ ವಿನಂತಿ. ಆ ಅಪ್ಪನ ಪಾತ್ರವನ್ನು ಖಳನಾಯಕನಿಗೆ ಕೊಡಬೇಡಿ. ಮಗಳು ಉಪವಾಸ ಬೀಳಬಾರದೆಂದು ನೌಕರಿ ಕೇಳುವ ತಂದೆ ಕೆಟ್ಟವನಲ್ಲ. ಅದನ್ನು ಕಂಪನಿಯ ಅತಿ ಒಳ್ಳೆಯ ಹಾಸ್ಯನಟನಿಗೆ ಕೊಡಿ, ಮೂರನೆಯ ಅಂಕದಲ್ಲಿ ಅಳಿಯನಿಗಿಂತ ಮೊದಲು ಅವನೇ ಅತ್ತುಬಿಡಲಿ.